ಲಸಿಕೆಯಿಂದ ಬೆಳೆದ ಮರಗಳು



ಆಫ್ರಿಕದ ಸೆರೆಂಗೆಟಿ ಎಂದೊಡನೆ ನಿಮಗೆ ಸಿಂಹ ನೆನಪಾಗುತ್ತದೆ. ಅದಕ್ಕೆ ನಮ್ಮಂಥ ನಿರ್ಮಾಪಕರೇ ಕಾರಣ. ನಮ್ಮ ಕ್ಯಾಮೆರಾ ಓಡುವ ಪ್ರಾಣಿಯನ್ನು ಹಿಂಬಾಲಿಸುತ್ತದೆ, ನಿಂತ ಮರವನ್ನು ಮರೆಯುತ್ತದೆ. ಇಂದು ಆ ಮರಗಳ ಇತಿಹಾಸವನ್ನು ನೋಡೋಣ.

ಟಾಂಜಾನಿಯಾದ ಸೆರೆಂಗೆಟಿ ಒಂದು ಸವನ್ನಾ, ಅಂದರೆ ಹುಲ್ಲಿನ ನಡುವೆ ಅಲ್ಲಲ್ಲಿ ಮರಗಳಿರುವ ಬಯಲು. ಜಾಲಿಯ ಬಳಗದ ಮರಗಳೇ ಇಲ್ಲಿ ಹೆಚ್ಚು. 1960ರ ದಶಕದಲ್ಲಿ ಹಳೆಯ ಮರಗಳು ಉರುಳುತ್ತಿದ್ದವು, ಎಳೆಯವು ಮೇಲೇಳುತ್ತಿರಲಿಲ್ಲ. ಆನೆಗಳು ಮರ ಕೆಡವುವುದನ್ನು ಕಣ್ಣಾರೆ ಕಂಡವರು ತಪ್ಪು ಅವುಗಳದೇ ಎಂದರು.

ಆದರೆ ಕಥೆಯ ಬೇರು ಬೇರೆ ಕಡೆ ಇತ್ತು. 1890ರ ಸುಮಾರಿಗೆ ದನಗಳ ದೊಡ್ಡರೋಗ ಪೂರ್ವ ಆಫ್ರಿಕಕ್ಕೆ ಹಬ್ಬಿತು. ಮಸಾಯಿ ಜನರ ದನಗಳು ಸತ್ತವು, ಜನ ಹಸಿವಿಗೆ ಬಲಿಯಾದರು. ವೈಲ್ಡ್‌ಬೀಸ್ಟ್ ಎಂಬ ಕಾಡುಪ್ರಾಣಿಗೂ ರೋಗ ತಗುಲಿತು. ಮುಂದಿನ ದಶಕಗಳಲ್ಲೂ ಅದರ ಕರುಗಳು ಸಾಯುತ್ತಲೇ ಇದ್ದವು.

ಆಮೇಲೆ ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕಲಾಯಿತು. ಕಾಡುಪ್ರಾಣಿಗಳಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಆದರೂ 1960ರ ದಶಕದ ಮೊದಲ ವರ್ಷಗಳಲ್ಲೇ ಅವುಗಳಲ್ಲಿಯೂ ರೋಗ ಮಾಯವಾಯಿತು! 1961ರಲ್ಲಿ ಸುಮಾರು 2.5 ಲಕ್ಷವಿದ್ದ ವೈಲ್ಡ್‌ಬೀಸ್ಟ್, 1977ರ ಹೊತ್ತಿಗೆ ಸುಮಾರು 13 ಲಕ್ಷವಾಯಿತು.

ಇದಕ್ಕೂ ಮರಕ್ಕೂ ಏನು ಸಂಬಂಧ? ಅಷ್ಟು ಪ್ರಾಣಿಗಳು ಹುಲ್ಲು ಮೇದವು. ಒಣಹುಲ್ಲು ಕಡಿಮೆಯಾದಂತೆ ಬೇಸಿಗೆಯ ಬೆಂಕಿಯೂ ಕಡಿಮೆಯಾಯಿತು. ಸವನ್ನಾದ ಸಸಿ ಬೆಂಕಿಗೆ ಸುಟ್ಟರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಆದರೆ ಪ್ರತಿ ವರ್ಷ ಸುಟ್ಟರೆ ಕುಳ್ಳಾಗಿಯೇ ಉಳಿಯುತ್ತದೆ. ಕೆಲವು ವರ್ಷ ಬಿಡುವು ಸಿಕ್ಕರೆ ಜ್ವಾಲೆಗಿಂತ ಎತ್ತರಕ್ಕೆ ಬೆಳೆದು ಬದುಕುತ್ತದೆ.

ಇದನ್ನು ಸಿದ್ಧಪಡಿಸಲು ತಾಳ್ಮೆ ಬೇಕಾಯಿತು. 1960ರ ದಶಕದಿಂದ ಅಲ್ಲಿ ದುಡಿದ ವಿಜ್ಞಾನಿ ಆಂಟನಿ ಸಿಂಕ್ಲೇರ್, ಹಳೆಯ ಛಾಯಾಚಿತ್ರಗಳನ್ನು ತೆಗೆದ ಜಾಗಗಳಲ್ಲೇ ಮತ್ತೆ ಚಿತ್ರ ತೆಗೆದು ಮರಗಳನ್ನು ಹೋಲಿಸಿದರು. ಸಂಶೋಧಕರು ಪ್ರಾಣಿಗಳ ಗಣತಿ, ಮಳೆ, ಸುಟ್ಟ ನೆಲದ ವಿಸ್ತೀರ್ಣ ಎಲ್ಲವನ್ನೂ ದಾಖಲಿಸಿದರು. ನಾಲ್ಕು ದಶಕಗಳ ಈ ಲೆಕ್ಕವನ್ನು ಒಟ್ಟುಗೂಡಿಸಿದ 2009ರ ಅಧ್ಯಯನವು ಮರಗಳು ಹೆಚ್ಚಲು ಬೆಂಕಿ ತಗ್ಗಿದ್ದೇ ಮುಖ್ಯ ಕಾರಣ ಎಂದಿತು. ಆನೆಗಳ ಪಾತ್ರವೂ ಇತ್ತು, ಆದರೆ ಅದು ಎರಡನೆಯದು. ಕಣ್ಣಿಗೆ ಕಂಡದ್ದನ್ನಷ್ಟೇ ನಂಬಿ ಆನೆಗಳನ್ನು ಕೊಂದಿದ್ದರೆ ಮೂಲ ಕಾರಣ ಹಾಗೆಯೇ ಉಳಿಯುತ್ತಿತ್ತು.

2011ರಲ್ಲಿ ಜಗತ್ತು ದೊಡ್ಡರೋಗದಿಂದ ಮುಕ್ತವೆಂದು ಘೋಷಿಸಲಾಯಿತು. ನಮ್ಮ ಹಳ್ಳಿಗಳೂ ಆ ರೋಗವನ್ನು ಕಂಡಿದ್ದವು. ಮನೆಯ ಹಿರಿಯರನ್ನು ಕೇಳಿ ನೋಡಿ. ಹಾಗೆಯೇ ನಿಮ್ಮೂರ ಗೋಮಾಳದ ಒಂದು ಚಿತ್ರ ತೆಗೆದು, ನಿಂತ ಜಾಗವನ್ನೂ ದಿನಾಂಕವನ್ನೂ ಬರೆದಿಡಿ. ಹತ್ತು ವರ್ಷ ಕಳೆದ ಮೇಲೆ ಅಲ್ಲಿಯೇ ನಿಂತು ಇನ್ನೊಂದು ಚಿತ್ರ ತೆಗೆಯಿರಿ.