ಅಂಬರನ ಮುಖಕ್ಕೆ ಯಾವ ಬಣ್ಣ?

ನಮ್ಮ ಚಳವಳಿಗೂ ಕರಿಯರ ಹೋರಾಟಕ್ಕೂ ಇರುವ ನಂಟು ಇವತ್ತಿನದಲ್ಲ. ಜೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಬರೆದಾಗ ಅದನ್ನು ಅಮೆರಿಕದಲ್ಲಿ ಗುಲಾಮಗಿರಿ ಕಿತ್ತೊಗೆಯಲು ದುಡಿದವರಿಗೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಡುಬಾಯ್ಸ್‌ಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ತಮ್ಮನ್ನು ಪ್ಯಾಂಥರ್ಸ್ ಎಂದು ಕರೆದುಕೊಂಡರು. ನಮ್ಮ ಸೀಮೆಯದೇ ಆದ ಭದ್ರಾವತಿಯಲ್ಲಿ ಬಿ. ಕೃಷ್ಣಪ್ಪ ಮೇಷ್ಟ್ರು ದಲಿತ ಸಂಘರ್ಷ ಸಮಿತಿ ಕಟ್ಟುವ ಹೊತ್ತಿಗೆ ಈ ಸುದ್ದಿಗಳೆಲ್ಲ ಇಲ್ಲಿಗೂ ತಲುಪಿದ್ದವು. ಆದರೆ ಇದೆಲ್ಲ ದೊಡ್ಡವರ ಓದಾಯಿತು. ಮಕ್ಕಳ ಕೈಗೆ ನಾವು ಏನು ಕೊಟ್ಟೆವು?

ಅಂಬ್ಲಿಗೊಳದ ಕಡೆಯ ಕೇರಿ ಮಕ್ಕಳ ಜೊತೆ ಕೂತು ಚಿತ್ರ ಬರೆಸುವಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಸಾ, ಮೈಬಣ್ಣ ಕೊಡಿ.’ ಮೈಬಣ್ಣ ಅಂದರೆ ಪೆಟ್ಟಿಗೆಯಲ್ಲಿರುವ ನಸುಗೆಂಪಿನ ಕಡ್ಡಿ. ಕೇಳುವ ಮಗುವಿನ ಮೈ ಆ ಬಣ್ಣದ್ದಲ್ಲ, ಅದರವ್ವನದೂ ಅಲ್ಲ. ಮಕ್ಕಳನ್ನು ದೂರಿ ಏನು ಬಂತು? 1967ರಿಂದ ಮನೆಮನೆಗೆ ಹೋದ ಅಮರ ಚಿತ್ರ ಕಥೆಗಳ ಪುಟ ತಿರುವಿ ನೋಡಿ. ದೇವರು, ರಾಜ, ಋಷಿ ಹೆಚ್ಚಾಗಿ ಬಿಳುಪು. ರಾಕ್ಷಸ, ಬೇಡ, ಸೇವಕ ಹೆಚ್ಚಾಗಿ ಕಪ್ಪು. ಆ ಸರಣಿಗೆ ಅಂಬೇಡ್ಕರ್ ಬಂದಿದ್ದು 1979ರಲ್ಲಿ. ಬಂದರು ಎನ್ನುವುದೇ ದೊಡ್ಡದು, ಇರಲಿ.

ಕರಿಯ ನಾಯಕರ ಚಿತ್ರಕತೆ ಅಂದ ಕೂಡಲೇ ನಮ್ಮವರು ಲೂಥರ್ ಕಿಂಗ್, ಮಂಡೇಲಾ ಎಂದು ಶುರು ಮಾಡುತ್ತಾರೆ. ಮಾಡಲಿ. ನನ್ನ ಆಯ್ಕೆ ಮಾತ್ರ ಮಲಿಕ್ ಅಂಬರ್. ಅವನು ದೂರದವನಲ್ಲ, ನಮ್ಮ ದಖ್ಖನ್ನಿನವನು. 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿದ ಚಾಪು ಎಂಬ ಹುಡುಗನನ್ನು ಮಾರಿದರು. ಕೈಯಿಂದ ಕೈಗೆ ದಾಟಿ, ಬಾಗ್ದಾದ್ ಹಾದು ಅಹಮದ್‌ನಗರಕ್ಕೆ ಬಂದ. ಅಲ್ಲಿ ಅವನನ್ನು ಕೊಂಡ ಚಂಗೀಜ್ ಖಾನನೂ ಹಬಶಿಯೇ, ಒಂದು ಕಾಲದ ಗುಲಾಮ! ಒಡೆಯ ಸತ್ತ ಮೇಲೆ ಬಿಡುಗಡೆಯಾದ ಅಂಬರ್ ಕೆಲಕಾಲ ಬಿಜಾಪುರದಲ್ಲೂ ಚಾಕರಿ ಮಾಡಿದ. 1600ರಲ್ಲಿ ಅಹಮದ್‌ನಗರ ಮೊಘಲರ ವಶವಾದಾಗ ಇನ್ನೊಬ್ಬ ನಿಜಾಮಶಾಹಿಯನ್ನು ಗದ್ದುಗೆಗೇರಿಸಿ, ರಾಜ್ಯದ ಹೊಣೆ ಹೊತ್ತ. 1610ರಲ್ಲಿ ಖಡ್ಕಿ ನಗರ ಕಟ್ಟಿದ. ಮುಂದೆ ಔರಂಗಾಬಾದ್ ಆದದ್ದು ಅದೇ. ಅದಕ್ಕೆ ನೆಲದಡಿಯ ಕಾಲುವೆಯಲ್ಲಿ ನೀರು ತಂದ. ಜಲಾಶಯದ ಪಕ್ಕ ಬೆಳೆದ ಅಂಬ್ಲಿಗೊಳದ ಮಕ್ಕಳಿಗೆ ಯುದ್ಧಕ್ಕಿಂತ ಈ ನೀರಿನ ಕತೆ ಬೇಗ ಹತ್ತುತ್ತದೆ.

ಇನ್ನು ಚಿತ್ರ. ಜಹಾಂಗೀರ್ ತನ್ನ ಆತ್ಮಕತೆಯಲ್ಲಿ ಅಂಬರನನ್ನು ಬಣ್ಣ ಹಿಡಿದೇ ಬೈಯುತ್ತಾನೆ. 1616ರ ಸುಮಾರಿಗೆ ಅವನ ಆಸ್ಥಾನದ ಅಬುಲ್ ಹಸನ್ ಒಂದು ಚಿತ್ರ ಬರೆದ. ಅಂಬರನ ಕಡಿದ ತಲೆ ಈಟಿಯ ತುದಿಯಲ್ಲಿದೆ, ಮೇಲೊಂದು ಗೂಬೆ. ಭೂಗೋಲದ ಮೇಲೆ ನಿಂತ ಬಾದಶಹ ಆ ತಲೆಗೆ ಬಾಣ ಬಿಡುತ್ತಿದ್ದಾನೆ. ಚಿತ್ರ ಈಗ ಡಬ್ಲಿನ್ನಿನಲ್ಲಿದೆ. ವಾಸ್ತವವೇನು? ಅಂಬರನನ್ನು ಅವನು ಒಮ್ಮೆಯೂ ಹಿಡಿಯಲಾಗಲಿಲ್ಲ. 1624ರಲ್ಲಿ ಭಾತವಡಿಯಲ್ಲಿ ಮೊಘಲರ ಜೊತೆಗೆ ಬಿಜಾಪುರದವರನ್ನೂ ಸೋಲಿಸಿದ ಅಂಬರ್ 1626ರಲ್ಲಿ ವಯಸ್ಸಾಗಿ ಸತ್ತ. ಗೆಲ್ಲಲಾಗದ್ದನ್ನು ಕುಂಚದಲ್ಲಿ ಗೆಲ್ಲುವುದು ಅರಮನೆಗಳ ಹಳೆ ಚಾಳಿ.

ಇದಕ್ಕೆ ಉತ್ತರವೂ ನಮ್ಮಲ್ಲೇ ಇದೆ. ಬಿಜಾಪುರದ ಒಂದು ಚಿತ್ರದಲ್ಲಿ ಮುಹಮ್ಮದ್ ಆದಿಲ್‌ಶಾ ಮತ್ತು ಹಬಶಿ ಮಂತ್ರಿ ಇಖ್ಲಾಸ್ ಖಾನ್ ಒಂದೇ ಆನೆಯ ಮೇಲೆ ಕೂತಿದ್ದಾರೆ. ಕಪ್ಪು ಮುಖದಲ್ಲಿ ಅಳುಕಿಲ್ಲ, ವಿಕಾರವಿಲ್ಲ. ಇಬ್ರಾಹಿಂ ರೋಜಾ ಕಟ್ಟಿಸಿದ ಮಲಿಕ್ ಸಂದಲ್ ಕೂಡ ಹಬಶಿ ಎಂದೇ ಇತಿಹಾಸಕಾರರು ಹೇಳುತ್ತಾರೆ. ಶಾಲೆಯಿಂದ ಟೂರು ಹೋಗಿ ಬರುವ ಎಷ್ಟು ಮಕ್ಕಳಿಗೆ ಇದನ್ನು ಯಾರು ಹೇಳಿದ್ದಾರೆ?

ಆದರೆ ಚಿತ್ರಜೀವನಚರಿತ್ರೆ ಎಂಬ ಪ್ರಕಾರದಲ್ಲೇ ಒಂದು ತೊಡಕಿದೆ: ಅದಕ್ಕೆ ಒಬ್ಬನೇ ನಾಯಕ ಬೇಕು. ರೋಸಾ ಪಾರ್ಕ್ಸ್‌ಳನ್ನು ನೋಡಿ. ಮಕ್ಕಳ ಪುಸ್ತಕಗಳಲ್ಲಿ ಆಕೆ ದಣಿದು ಸೀಟು ಬಿಡದ ದರ್ಜಿ ಹೆಂಗಸು. ಆಕೆ ಸಂಘಟನೆಯ ಕಾರ್ಯದರ್ಶಿ. ಅದೇ 1955ರ ಮಾರ್ಚಿನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಹೀಗೇ ಕೂತು ಬಂಧನಕ್ಕೊಳಗಾಗಿದ್ದಳು. ಆಮೇಲೆ ಕರಿಯರು 381 ದಿನ ಬಸ್ಸು ಹತ್ತಲಿಲ್ಲ. ಮಹಾಡಿನ ಕೆರೆಗೂ 1927ರಲ್ಲಿ ಇಳಿದದ್ದು ಬಾಬಾಸಾಹೇಬರೊಬ್ಬರೇ ಅಲ್ಲವಲ್ಲ. ಚಿತ್ರದಲ್ಲಿ ಆ ಸಾವಿರಾರು ಕಾಲುಗಳು ಎಲ್ಲಿ?

ಅಂಬರನ ವಿಷಯದಲ್ಲೂ ಇದೇ. ಗುಲಾಮನೂ ದೊರೆಯಂತಾಗಬಹುದು ಎಂದಷ್ಟೇ ಹೇಳಿದರೆ, ದೊರೆಯಾಗದ ಲಕ್ಷಾಂತರ ಜನ ತಮ್ಮ ತಪ್ಪಿನಿಂದಲೇ ಉಳಿದರು ಎಂದಂತೆ. ಗೋವಾದ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಸಿದ್ದಿಗಳ ಮಕ್ಕಳು ಇವತ್ತು ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡದಲ್ಲಿದ್ದಾರೆ. ಸೊರಬದಿಂದ ಮುಂಡಗೋಡ ಎಷ್ಟು ದೂರ ಮಹಾ! ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಆಗಿರುವ ಈ ಜನಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಅವರಲ್ಲೊಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತಿಗೆ ಹೋದದ್ದು 2020ರಲ್ಲಿ.

ಹಾಗಾಗಿ ಅಂಬರನ ಪುಸ್ತಕ ಮಾಡಿದರೆ ಅದರಲ್ಲಿ ಮಾರುಕಟ್ಟೆಯೂ ಬರಬೇಕು: ಅವನ ಜೊತೆ ಮಾರಾಟವಾದ, ಹೆಸರಿಲ್ಲದ ಮಕ್ಕಳ ಸಾಲು. ಈಟಿಯ ಮೇಲಿನ ತಲೆಯ ಚಿತ್ರವನ್ನು ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂದು ಗೆಳೆಯರಲ್ಲಿ ಜಗಳವಿದೆ. ನಾನು ತೋರಿಸಬೇಕು ಎನ್ನುವ ಕಡೆ. ಎದುರು ಪುಟದಲ್ಲಿ ಬಿಜಾಪುರದ ಆನೆ ಇರಲಿ. ಅದರ ಮುಂದಿನ ಪುಟ ಖಾಲಿ ಬಿಡೋಣ, ಕಪ್ಪು ಕಡ್ಡಿ ಸವೆಯುವಷ್ಟು ಜಾಗ ಬೇಕು.