ಒರೆಸಬಹುದಾದ ಕಡತ

ಕಚೇರಿ ಸುತ್ತಿದವರಿಗೆ ಈ ಪದದ ಚಲನವಲನವೆಲ್ಲ ಗೊತ್ತು. ಕಡತ ಮೇಲಕ್ಕೆ ಹೋಗಿದೆ, ಕೆಳಗೆ ಬಂದಿಲ್ಲ, ವಿಲೇವಾರಿಯಾಗಿದೆ, ಕೊನೆಗೊಂದು ದಿನ ಸಿಗುತ್ತಲೇ ಇಲ್ಲ. ರಟ್ಟು, ದಾರ, ಟಿಪ್ಪಣಿ ಹಾಳೆ, ಮೊಹರು ಎಲ್ಲ ಸೇರಿದ ಸರ್ಕಾರಿ ಗಾಂಭೀರ್ಯ ಇವತ್ತು ಈ ಮೂರಕ್ಷರಕ್ಕೆ ಅಂಟಿಕೊಂಡಿದೆ. ಆದರೆ ಅದು ಅಂಗಡಿಯಲ್ಲೂ ಬಾಳಿ ಬಂದ ಪದ. ಕಡತವೆಂದರೆ ಲೆಕ್ಕ ಬರೆಯುವ ಬಟ್ಟೆ. ಅದೂ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಾದ ಬಟ್ಟೆ.

ಮಾಡುವ ಕ್ರಮ ಸರಳ. ಒಂದಡಿ ಅಗಲದ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು ಬಳಿದು, ಇದ್ದಿಲ ಪುಡಿ ಹಚ್ಚಿ ಕಪ್ಪು ಮಾಡುತ್ತಿದ್ದರು. ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಿಸಿ, ಎರಡು ತುದಿಗೂ ಬಣ್ಣದ ಮರದ ಹಲಗೆ ಕಟ್ಟಿದರೆ ಪುಸ್ತಕ ಸಿದ್ಧ. ಯಾವ ಕಡೆಯಿಂದಲೂ ತೆರೆಯಬಹುದು, ಬೇಕೆಂದರೆ ಪೂರಾ ಬಿಚ್ಚಿ ನೆಲದ ಮೇಲೆ ಹಾಸಬಹುದು. ಬರೆಯಲು ಬಳಪ. 1894ರ ಕಿಟೆಲ್ ನಿಘಂಟು ತೆರೆದರೆ ಈ ಪದದೆದುರು ಸಿಗುವುದು ಈ ಬಟ್ಟೆಯೇ.

ಪದದ ಹಳೆಯ ರೂಪ ‘ಕಡಿತ’. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ; ಕಡಿತಗಳನ್ನು ನೋಡಿಕೊಳ್ಳುವ ಹೆಗ್ಗಡೆ, ಅಂದರೆ ಕಂದಾಯ ಲೆಕ್ಕದ ಹೊಣೆಗಾರ. ಪದ ಎಲ್ಲೆ ದಾಟಿಯೂ ಹೋಗಿದೆ. ತೆಲುಗಿನಲ್ಲಿ ಕಡಿತಮು ಇದೇ ಕಪ್ಪು ಬಟ್ಟೆಯ ಪುಸ್ತಕ. ತಮಿಳಿನಲ್ಲಿ ಕಡಿದಂ ಎಂದರೆ ಇವತ್ತು ಕಾಗದ, ಊರಿಂದೂರಿಗೆ ಬರೆಯುವ ಪತ್ರ. ನಮ್ಮಲ್ಲಿ ಸರ್ಕಾರದ ಗಂಟಾದದ್ದು ಅಲ್ಲಿ ಅಮ್ಮನಿಗೆ ಬರೆಯುವ ನಾಲ್ಕು ಸಾಲಾಯಿತು. ಅವರದೇ ಚೆನ್ನಾಗಿದೆ ಅನ್ನಿಸುತ್ತದೆ.

ಕಡತದ ಬಗ್ಗೆ ಅತ್ಯಂತ ಸೊಗಸಾದ ಟಿಪ್ಪಣಿ ಬರೆದವನು ಮಾರ್ಕ್ ವಿಲ್ಕ್ಸ್. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದವನು. 1810ರಲ್ಲಿ ಬಂದ ಅವನ ದಕ್ಷಿಣ ಭಾರತದ ಇತಿಹಾಸದಲ್ಲಿ ಬಟ್ಟೆಯ ಅಳತೆಯಿಂದ ಹಿಡಿದು ಹಲಗೆಯ ಬಣ್ಣದವರೆಗೆ ಎಲ್ಲ ಇದೆ. ಮೈಸೂರಿನ ವರ್ತಕರೂ ಅಂಗಡಿಯವರೂ ಇನ್ನೂ ಇದರಲ್ಲೇ ಲೆಕ್ಕ ಬರೆಯುತ್ತಾರೆ ಎಂದು ಹೇಳಿ, ಇನ್ನೊಂದು ಮಾತು ಸೇರಿಸುತ್ತಾನೆ. ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿ ಸಮೇತ ಬರೆದಿದ್ದ ಸಾಲಪತ್ರವನ್ನು ಪುರಾವೆಯಾಗಿ ಹಾಜರುಪಡಿಸಿದ್ದನ್ನೂ ಅದನ್ನು ಒಪ್ಪಿಕೊಂಡದ್ದನ್ನೂ ಅವನು ಕಣ್ಣಾರೆ ಕಂಡಿದ್ದಾನಂತೆ. ಒದ್ದೆ ಬೆರಳಾಡಿಸಿದರೆ ಹೋಗುವ ಬರಹ ನ್ಯಾಯ ಕೇಳುವ ಜಾಗದಲ್ಲಿ ನಿಂತಿತು!

ಟಿಪ್ಪು ಸುಲ್ತಾನನಿಗೆ ಇದು ಹಿಡಿಸಿರಲಿಲ್ಲ. ಸರ್ಕಾರಿ ಲೆಕ್ಕವನ್ನು ಕಡತದಲ್ಲಿ ಬರೆಯಕೂಡದೆಂದು ಅವನು ಕಟ್ಟುಮಾಡಿದ್ದ. ಆ ಕಂದಾಯ ಕಟ್ಟಳೆಗಳನ್ನು 1792ರಲ್ಲಿ ಕ್ರಿಸ್ಪ್ ಎಂಬವನು ಇಂಗ್ಲಿಷಿಗೆ ತಂದಾಗ ಈ ಪದ ಅರ್ಥವಾಗದೆ ‘ತಾಳೆಗರಿ’ ಎಂದು ಊಹಿಸಿ ಬರೆದುಬಿಟ್ಟ. ಸುಲ್ತಾನ ಯಾವುದನ್ನು ನಿಷೇಧಿಸಿದ ಎಂಬುದೇ ಓದುಗರಿಗೆ ತಿಳಿಯದೆ ಹೋಯಿತು, ತಿದ್ದಿದವನು ವಿಲ್ಕ್ಸ್. ತಿದ್ದಿದ್ದಷ್ಟೇ ಅಲ್ಲ, ಕಡತದ ಪರ ವಕಾಲತ್ತೂ ವಹಿಸಿದ. ಒರೆಸಬಹುದು ನಿಜ, ಆದರೆ ಕಲ್ಲು ಮತ್ತು ತಾಮ್ರ ಬಿಟ್ಟರೆ ಈ ನಾಡಿನಲ್ಲಿ ಇದಕ್ಕಿಂತ ಬಾಳಿಕೆ ಬರುವ ಬರಹದ ವಸ್ತುವಿಲ್ಲ, ಒಳ್ಳೆಯ ಕಾಗದವೂ ಇದರ ಮುಂದೆ ಸಾಲದು ಎಂಬುದು ಅವನ ವಾದ. ಶೃಂಗೇರಿ ಮಠದಲ್ಲಿ ಉಳಿದುಬಂದಿರುವ ರಾಶಿ ಕಡತಗಳು ಅವನ ಮಾತಿಗೆ ಸಾಕ್ಷಿ.

ಸುಲ್ತಾನ ಕೇಳಿದ್ದು, ಬರೆದದ್ದು ಬದಲಾಗದೆ ಇರುತ್ತದೆಯೇ ಎಂದು. ವಿಲ್ಕ್ಸ್ ಕೊಟ್ಟ ಉತ್ತರ, ಬರೆದದ್ದು ಬಹುಕಾಲ ಉಳಿಯುತ್ತದೆ ಎಂದು. ಎರಡೂ ಲೆಕ್ಕದ ಗುಣಗಳೇ, ಆದರೆ ಒಂದೇ ಅಲ್ಲ. ಇನ್ನೂರು ವರ್ಷದ ಮೇಲೆ ನಮ್ಮ ತೆಂಗಿನ ಸೀಮೆಯಲ್ಲೂ ಇದೇ ಜಗಳ ಎದ್ದಿದೆ.

ನೊಣವಿನಕೆರೆ ಸುತ್ತಿನ ರೈತರಿಗೆ ಲೆಕ್ಕ ಅಂದರೆ ದೀರ್ಘ ವ್ಯವಹಾರ. ಕಾಯಿ ಕಿತ್ತ ದಿನವೇ ಕಾಸು ಎಣಿಸುವ ಬೆಳೆಯಲ್ಲ ಇದು. ಉಂಡೆ ಕೊಬ್ಬರಿಯಾಗಬೇಕಾದರೆ ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಕೂರಬೇಕು. ಅಷ್ಟರಲ್ಲಿ ಮದುವೆಗೋ ಬೋರ್‌ವೆಲ್ಲಿಗೋ ತಿಪಟೂರಿನ ಮಂಡಿಯಿಂದ ಮುಂಗಡ ತಂದಾಗಿರುತ್ತದೆ. ಕೊಬ್ಬರಿ ಮಾರಾಟವಾದಾಗ ಮುಂಗಡ, ಬಡ್ಡಿ, ಹಮಾಲಿ, ಚೀಲದ ಲೆಕ್ಕ ಎಲ್ಲ ಕಳೆದು ಪಟ್ಟಿ ಕೈಗೆ ಬರುತ್ತದೆ. ನಡುವಿನ ಆ ಒಂದು ವರ್ಷ ರೈತ ನೆಚ್ಚಿಕೊಂಡಿರುವುದು ಇನ್ನೊಬ್ಬರ ಪುಸ್ತಕವನ್ನು. ಅದಕ್ಕೇ ತೆಂಗು ಬೆಳೆಗಾರರು ಸೇರಿ ತಮ್ಮದೇ ಉತ್ಪಾದಕರ ಕಂಪನಿ ಕಟ್ಟಿಕೊಳ್ಳುವುದು ಶುರುವಾಯಿತು. ಕಂಪನಿ ಅಂದ ಮೇಲೆ ಕಂಪನಿ ಕಾಯ್ದೆ ಬಂತು. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಲೆಕ್ಕಪತ್ರದ ನಿಯಮಕ್ಕೆ ಒಂದು ಷರತ್ತು ಸೇರಿಸಿತು. ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ, ಪ್ರತಿ ತಿದ್ದುಪಡಿಯ ಜಾಡು ತಾರೀಖು ಸಮೇತ ಉಳಿಯಬೇಕು, ಆ ಜಾಡನ್ನು ಯಾರೂ ನಿಲ್ಲಿಸಲು ಆಗಬಾರದು. ಎರಡು ಸಲ ಮುಂದಕ್ಕೆ ಹೋಗಿ 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಬೆಂಗಳೂರಿನ ಟ್ಯಾಲಿ ಕಂಪನಿ ಇದಕ್ಕೆಂದೇ ‘ಎಡಿಟ್ ಲಾಗ್’ ಆವೃತ್ತಿ ತಂದಿತು. ಟಿಪ್ಪುವಿನ ಕಟ್ಟಳೆಗಿಂತ ಇದು ಒಂದು ವಿಷಯದಲ್ಲಿ ಜಾಣತನದ್ದು: ಒರೆಸುವ ಬಟ್ಟೆಯನ್ನು ನಿಷೇಧಿಸಿಲ್ಲ, ಒರೆಸಿದ್ದು ಕಾಣಬೇಕು ಎಂದಿದೆ. ಹಳೆಯ ಗುಮಾಸ್ತರ ಕ್ರಮವೂ ಅದೇ ತಾನೆ? ತಪ್ಪಾದ ಅಂಕಿಯನ್ನು ಓದಲು ಸಿಗುವ ಹಾಗೆ ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕುವುದು.

ಅಕ್ಕನ ಮಗ ಬೆಂಗಳೂರಿನಲ್ಲಿ ಇಂಥ ಕಂಪನಿಗಳಿಗೆ ಲೆಕ್ಕದ ತಂತ್ರಾಂಶ ಬರೆಯುತ್ತಾನೆ. ಊರಿಗೆ ಬಂದಾಗ ಅವನ ಚಿಂತೆ ಯಾವ ಕ್ಲೌಡ್ ಡೇಟಾಬೇಸ್ ಹಿಡಿಯಬೇಕೆಂಬುದು. “ಅಳ್ಸಕ್ಕೆ ಆಗ್ಬಾರ್ದು ಮಾವ, ಅಷ್ಟೆ” ಅನ್ನುತ್ತಿದ್ದ. ಅಷ್ಟೆ ಅಲ್ಲವಲ್ಲ ಅನ್ನಿಸಿ ನಾನೂ ಆ ವಿಷಯ ಓದಿಕೊಂಡೆ. ತಂತ್ರ ಬಹಳ ಹೊಸದೇನಲ್ಲ. ಪ್ರತಿ ದಾಖಲೆಯನ್ನು ಒಂದು ಗಣಿತ ಸೂತ್ರಕ್ಕೆ ಕೊಟ್ಟರೆ ಅರವತ್ತನಾಲ್ಕು ಅಕ್ಷರಗಳ ಗುರುತೊಂದು ಬರುತ್ತದೆ, ಅದಕ್ಕೆ ಹ್ಯಾಶ್ ಎನ್ನುತ್ತಾರೆ. ಮುಂದಿನ ದಾಖಲೆಯ ಹ್ಯಾಶ್ ಲೆಕ್ಕ ಹಾಕುವಾಗ ಹಿಂದಿನದ್ದನ್ನೂ ಸೇರಿಸುತ್ತಾರೆ. ಮಧ್ಯದ ಒಂದು ಪೈಸೆ ಬದಲಾಯಿಸಿದರೂ ಅಲ್ಲಿಂದ ಮುಂದಿನ ಗುರುತುಗಳೆಲ್ಲ ತಾಳೆ ತಪ್ಪುತ್ತವೆ. ಗಮನಿಸಬೇಕಾದ್ದು, ಇದು ತಿದ್ದುವುದನ್ನು ತಡೆಯುವುದಿಲ್ಲ, ತಿದ್ದಿದ್ದನ್ನು ತೋರಿಸುತ್ತದೆ. ಡೇಟಾಬೇಸ್ ಪೂರ್ತಿ ತನ್ನ ಕೈಯಲ್ಲಿರುವವನು ಎಲ್ಲ ಹ್ಯಾಶ್‌ಗಳನ್ನೂ ಹೊಸದಾಗಿ ಬರೆದುಕೊಂಡು ಕೂರಬಹುದು. ಆದ್ದರಿಂದ ದಿನದ ಕೊನೆಯ ಹ್ಯಾಶ್ ಬೇರೆಯವರ ಕೈಯಲ್ಲಿರಬೇಕು. ಈ ವಿದ್ಯೆಯನ್ನು 1991ರಲ್ಲಿ ರೂಪಿಸಿದ ಹೇಬರ್ ಮತ್ತು ಸ್ಟಾರ್ನೆಟ್ಟಾ ಅವರ ಸಂಸ್ಥೆ 1995ರಿಂದ ವಾರಕ್ಕೊಮ್ಮೆ ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಣ್ಣ ಜಾಹೀರಾತುಗಳ ನಡುವೆ ಅಚ್ಚು ಹಾಕಿಸುತ್ತಿತ್ತು. ಊರೆಲ್ಲ ಹಂಚಿಹೋದ ಪತ್ರಿಕೆಯನ್ನು ತಿದ್ದುವವರು ಯಾರು?

ಈ ಕೆಲಸಕ್ಕೆಂದೇ ಅಮೆಜಾನ್ ಕಂಪನಿ ಕ್ಯೂಎಲ್‌ಡಿಬಿ ಎಂಬ ಡೇಟಾಬೇಸನ್ನು 2018ರಲ್ಲಿ ಘೋಷಿಸಿ 2019ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ಬರೆದದ್ದರ ಇತಿಹಾಸ ಅಳಿಯುತ್ತಿರಲಿಲ್ಲ, ಹ್ಯಾಶ್ ಸರಪಳಿ ಒಳಗೇ ಇತ್ತು. ಸುಲ್ತಾನ ಕಂಡಿದ್ದರೆ ತಕ್ಷಣ ಕೊಳ್ಳುತ್ತಿದ್ದ. ಆದರೆ 2024ರ ಜುಲೈನಲ್ಲಿ ಅದನ್ನು ನಿಲ್ಲಿಸುವ ಸುದ್ದಿ ಬಂತು, 2025ರ ಜುಲೈ 31ಕ್ಕೆ ಬಾಗಿಲು ಮುಚ್ಚಿತು. ಆರು ವರ್ಷವೂ ತುಂಬಲಿಲ್ಲ. ನಮ್ಮ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಲೆಕ್ಕದ ಪುಸ್ತಕ ಎಂಟು ಹಣಕಾಸು ವರ್ಷ ಇರಬೇಕು. ಅಳಿಸಲಾಗದ ಪುಸ್ತಕದ ಅಂಗಡಿಯೇ ಅಷ್ಟು ದಿನ ಬಾಳಲಿಲ್ಲ. ಒಳಗಿನ ದಾಖಲೆಗಳನ್ನು ಬೇರೆ ಡೇಟಾಬೇಸಿಗೆ ಸಾಗಿಸಿಕೊಳ್ಳಿ ಎಂದು ಗ್ರಾಹಕರಿಗೆ ದಾರಿ ತೋರಿಸಿದ್ದರು, ಮೋಸವೇನಿಲ್ಲ. ಆದರೂ ಇಲ್ಲಿ ವಿಲ್ಕ್ಸ್ ಗೆದ್ದ ಅನ್ನಬೇಕು.

ಬೇರೆ ದಾರಿಗಳಿವೆ. ಮೈಕ್ರೋಸಾಫ್ಟ್‌ನ ಅಜ್ಯೂರ್ ಎಸ್‌ಕ್ಯೂಎಲ್‌ನಲ್ಲಿ ಕೋಷ್ಟಕವನ್ನು ಸೃಷ್ಟಿಸುವಾಗಲೇ ‘ಲೆಡ್ಜರ್’ ಕೋಷ್ಟಕವಾಗಿ ಮಾಡಬಹುದು, ಹ್ಯಾಶ್ ಬೇರೆ ಕಡೆ ತಾನಾಗಿ ಜಮೆಯಾಗುತ್ತದೆ. ಅಮೆಜಾನಿನ ಎಸ್3 ಸಂಗ್ರಹದಲ್ಲಿ ‘ಕಂಪ್ಲಯನ್ಸ್’ ಬೀಗ ಹಾಕಿದರೆ ಗಡುವು ಮುಗಿಯುವ ತನಕ ಖಾತೆಯ ಒಡೆಯನಿಗೂ ಅಳಿಸಲು ಆಗದು. ನನಗೆ ಕೇಳಿದರೆ, ಎಲ್ಲ ಕಡೆ ಸಿಗುವ ಪೋಸ್ಟ್‌ಗ್ರೆಸ್‌ನಂಥ ಮುಕ್ತ ಡೇಟಾಬೇಸ್, ಅದರಲ್ಲಿ ಸೇರಿಸಲು ಮಾತ್ರ ಅನುಮತಿಯಿರುವ ಕೋಷ್ಟಕ, ಜೊತೆಗೆ ಬೀಗ ಹಾಕಿದ ಒಂದು ಪ್ರತಿ. ಅಂಗಡಿ ಮುಚ್ಚಿದರೂ ಬಟ್ಟೆ ಮಡಿಸಿಕೊಂಡು ಪಕ್ಕದ ಅಂಗಡಿಗೆ ಹೋಗಬಹುದು. ಪ್ರತಿದಿನದ ನಕಲು ಭಾರತದ ನೆಲದಲ್ಲಿರುವ ಸರ್ವರ್‌ನಲ್ಲೇ ಇರಬೇಕೆಂಬ, ಲೆಕ್ಕಪತ್ರದ ನಿಯಮದ 2022ರ ತಿದ್ದುಪಡಿಗೂ ಇದು ಒಗ್ಗುತ್ತದೆ.

ಇಷ್ಟೆಲ್ಲ ಮಾಡಿದರೂ ಮೊದಲ ಸಾಲೇ ಸುಳ್ಳಾದರೆ? 2024ರ ಫೆಬ್ರುವರಿಯಲ್ಲಿ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಗೆ ನಾಫೆಡ್ ಮೂಲಕ ಉಂಡೆ ಕೊಬ್ಬರಿ ಕೊಳ್ಳಲು ರೈತರ ನೋಂದಣಿ ಶುರುವಾಯಿತು. ಕೆಲವೇ ದಿನಗಳಲ್ಲಿ ಮಿತಿ ಮುಗಿಯಿತೆಂದು ಬಂದ್ ಆಯಿತು. ಕೊಬ್ಬರಿ ಇಲ್ಲದವರ ಹೆಸರೂ ಸೇರಿವೆ ಎಂಬ ದೂರುಗಳೆದ್ದು, ಸರ್ಕಾರ ಆ ನೋಂದಣಿ ರದ್ದುಮಾಡಿ ಹೊಸದಾಗಿ ಮಾಡಿಸಿತು. ಸುಳ್ಳು ಹೆಸರಿಗೂ ಹ್ಯಾಶ್ ಅಷ್ಟೇ ಚೊಕ್ಕವಾಗಿ ಬರುತ್ತದೆ. ವಿಲ್ಕ್ಸ್ ಕಂಡ ಸಾಲಪತ್ರಕ್ಕಾದರೋ ಎದುರಿಗೆ ಕೂತು ನೋಡಿದ ಸಾಕ್ಷಿಗಳಿದ್ದರು.

ಬರಹವನ್ನು ಎಷ್ಟು ನಂಬಬಹುದು ಎನ್ನುವಾಗ, ಕಡತದ ಮೇಲೆ ಬರೆಯುತ್ತಿದ್ದ ಬಳಪದ ಬಗ್ಗೆಯೂ ಒಂದು ಮಾತು. ನೊಣವಿನಕೆರೆಗೆ ಹತ್ತಿರದ ವಿಘ್ನಸಂತೆಯಲ್ಲಿ 1286ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಅರಳಗುಪ್ಪೆ, ತುರುವೇಕೆರೆಗಳಲ್ಲೂ ಹೊಯ್ಸಳರ ಕೆಲಸವಿದೆ. ಆ ಗುಡಿಗಳ ನುಣುಪು ಕಲ್ಲನ್ನು ಜನ ಕರೆಯುವುದು ಬಳಪದ ಕಲ್ಲು ಎಂದೇ. ಏಳುನೂರು ವರ್ಷ ನಿಂತ ಕಂಬಕ್ಕೂ ಸಂಜೆಗೆ ಒರೆಸಿಹೋಗುವ ಲೆಕ್ಕಕ್ಕೂ ಒಂದೇ ಜಾತಿಯ ಕಲ್ಲು. ಕಲ್ಲಿನ ಶಾಸನವನ್ನೂ ಬರೀ ನಂಬಿ ಬಿಡುತ್ತಿರಲಿಲ್ಲ; ದತ್ತಿಗೆ ಕೈ ಹಾಕಿದವರಿಗೆ ಕೊನೆಯಲ್ಲಿ ಶಾಪ ಕೆತ್ತಿಸುತ್ತಿದ್ದರು.

ಕಡತ ಈಗ ಮತ್ತೆ ಬಟ್ಟೆ ಬದಲಿಸುತ್ತಿದೆ. ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು 2024ರಿಂದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ; ಲಿನಕ್ಸ್‌ನ ಕನ್ನಡ ಮೆನುವಿನಲ್ಲಿ ಫೈಲ್ ಎಂಬಲ್ಲಿ ‘ಕಡತ’ ಎಂದೇ ಇದೆ, ಅಲ್ಲಿ ಅದನ್ನು ತೆರೆಯಬಹುದು, ಉಳಿಸಬಹುದು, ಅಳಿಸಲೂಬಹುದು. ಅಕ್ಕನ ಮಗ ಕೊನೆಗೆ ಪೋಸ್ಟ್‌ಗ್ರೆಸ್ ಹಿಡಿದ. ದಿನದ ಹ್ಯಾಶ್ ಸಂಜೆ ಆಡಿಟರ್‌ಗೆ ಮೇಲ್ ಹೋಗುತ್ತದೆ. ಆಡಿಟರ್ ಊರಿನವರಲ್ಲ, ತುಮಕೂರಿನವರು. ಕಂಪನಿಯ ನಿರ್ದೇಶಕರಲ್ಲಿ ಯಾರಿಗೂ ನೆಂಟರಲ್ಲ ಎಂಬುದನ್ನು ಅವನು ಮೊದಲೇ ವಿಚಾರಿಸಿಕೊಂಡಿದ್ದಾನೆ.