ಕ್ರಿಪ್ಟೋ ವ್ಯಾಲೆಟ್ಟುಗಳೂ ಗುರುತಿನ ಪ್ರಶ್ನೆಯೂ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಚಿಂತಾಮಣಿ, ಗೌರಿಬಿದನೂರು ಮುಂತಾದ ಕಡೆಗಳಿಂದ ಗೂಡು ತಂದ ರೈತನು ತನ್ನ ಗುರುತನ್ನು ಬರೆಸಿ ಲಾಟಿನ ಸಂಖ್ಯೆಯನ್ನು ಪಡೆಯುತ್ತಾನೆ; ಗೂಡಿನಿಂದ ನೂಲು ತೆಗೆಯುವ ಪರವಾನಗಿಯುಳ್ಳ ರೀಲರುಗಳು ಆ ಸಂಖ್ಯೆಯನ್ನು ಹಿಡಿದು ಮೊಬೈಲಿನಲ್ಲಿ ಹರಾಜು ಕೂಗುತ್ತಾರೆ. ಕೊಳ್ಳುವವನಿಗೆ ಬೇಕಾದುದು ಗೂಡಿನ ಗುಣವೇ ಹೊರತು ರೈತನ ಜನ್ಮದಿನಾಂಕವಲ್ಲ. ಹಣವನ್ನು ಜಮಾ ಮಾಡತಕ್ಕ ಬ್ಯಾಂಕಿಗಾದರೋ ಹೆಸರೂ ಖಾತೆಯೂ ನಿಶ್ಚಿತವಾಗಿ ತಿಳಿದಿರಲೇಬೇಕು. ಯಾರಿಗೆ ಎಷ್ಟು ಅವಶ್ಯವೋ ಅಷ್ಟನ್ನೇ ತಿಳಿಸತಕ್ಕ ಈ ವಿವೇಕವು ಕ್ರಿಪ್ಟೋ ನಾಣ್ಯಗಳ ವ್ಯವಹಾರದಲ್ಲಿ ಇನ್ನೂ ನೆಲೆಗೊಂಡಿಲ್ಲ.

ಈ ವಿಚಾರವೇನೋ ಬಿಟ್‌ಕಾಯಿನ್‌ಗಿಂತ ಹಳೆಯದು. 1985ರಲ್ಲಿ ಡೇವಿಡ್ ಚಾಮ್ ಎಂಬ ಗಣಕವಿಜ್ಞಾನಿಯು, ಗುರುತನ್ನು ಒಪ್ಪಿಸದೆಯೇ ಸುರಕ್ಷಿತವಾಗಿ ವ್ಯವಹರಿಸುವುದು ಸಾಧ್ಯವೆಂದು ಪ್ರತಿಪಾದಿಸಿದನು. ಅದೇ ವರ್ಷ ಗೋಲ್ಡ್‌ವಾಸರ್, ಮಿಕಾಲಿ, ರ‍್ಯಾಕಾಫ್ ಎಂಬ ಮೂವರು, ಒಂದು ಮಾತು ಸತ್ಯವೆಂಬುದನ್ನು ಅದರ ಒಳವಿವರವನ್ನು ಹೊರಗೆಡಹದೆಯೇ ರುಜುವಾತುಪಡಿಸಬಹುದೆಂದು ತೋರಿಸಿದರು. 2008ರ ಬಿಟ್‌ಕಾಯಿನ್ ಪ್ರಬಂಧವು ಹೆಸರಿಲ್ಲದ ವಿಳಾಸಗಳನ್ನು ಕಲ್ಪಿಸಿತಾದರೂ, ಅದರ ಲೆಕ್ಕದ ಪುಸ್ತಕವು ಸಕಲರಿಗೂ ತೆರೆದಿರುವುದರಿಂದ, ಒಂದು ವಿಳಾಸಕ್ಕೆ ಒಮ್ಮೆ ಹೆಸರು ಅಂಟಿತೆಂದರೆ ಆ ವಿಳಾಸದ ಹಿಂದುಮುಂದಿನ ವ್ಯವಹಾರಗಳೆಲ್ಲವೂ ಬಯಲಾಗುವುವು. ಆದಕಾರಣ ಇಲ್ಲಿ ವಿವರಗಳ ಸೋರಿಕೆಯು ಬ್ಯಾಂಕಿನಲ್ಲಾಗುವ ಸೋರಿಕೆಗಿಂತಲೂ ಘೋರವಾದುದೆಂದು ನನ್ನ ಎಣಿಕೆ.

ಕಳ್ಳಹಣದ ಭಯವೂ ನಿರಾಧಾರವಾದುದಲ್ಲ. ಹಣದ ಅಕ್ರಮ ಸಾಗಾಟವನ್ನು ತಡೆಯುವ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಎಟಿಎಫ್, ಬ್ಯಾಂಕುಗಳಿಗಿದ್ದ 'ಟ್ರಾವೆಲ್ ರೂಲ್' ಎಂಬ ನಿಯಮವನ್ನು 2019ರ ಜೂನ್‌ನಲ್ಲಿ ಕ್ರಿಪ್ಟೋ ವಿನಿಮಯ ಸಂಸ್ಥೆಗಳಿಗೂ ಅನ್ವಯಿಸಿತು: 1000 ಡಾಲರಿಗೆ ಮೀರಿದ ವರ್ಗಾವಣೆಯೊಂದಿಗೆ ಕಳುಹಿಸುವವನ ಹೆಸರು, ವ್ಯಾಲೆಟ್ ವಿಳಾಸ, ಮನೆಯ ವಿಳಾಸ ಅಥವಾ ಗುರುತಿನ ಸಂಖ್ಯೆ, ಪಡೆಯುವವನ ಹೆಸರು ಇವೆಲ್ಲ ಜೊತೆಗೂಡಿ ಸಾಗಬೇಕು. ಈ ವಿವರಗಳನ್ನು ಎಲ್ಲರೂ ಒಂದೇ ರೂಪದಲ್ಲಿ ಬರೆಯಲೆಂದು 2020ರಲ್ಲಿ ಐವಿಎಂಎಸ್ 101 ಎಂಬ ಮಾನದಂಡ ಸಿದ್ಧವಾಯಿತು. ನಮ್ಮ ದೇಶದಲ್ಲಿ ರಿಸರ್ವ್ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಒದಗಿಸದಂತೆ ಬ್ಯಾಂಕುಗಳಿಗೆ ವಿಧಿಸಿದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ತೆಗೆದುಹಾಕಿತು; 2023ರ ಮಾರ್ಚ್ 7ರ ಅಧಿಸೂಚನೆಯು ಕ್ರಿಪ್ಟೋ ವಿನಿಮಯ ಸಂಸ್ಥೆಗಳನ್ನು 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದಿತು.

ವಿನಿಮಯ ಸಂಸ್ಥೆಯ ಆಶ್ರಯವಿಲ್ಲದೆ ತನ್ನ ಮೊಬೈಲಿನಲ್ಲಿಯೇ ವ್ಯಾಲೆಟ್ಟನ್ನಿಟ್ಟುಕೊಂಡ ಚಿಕ್ಕಬಳ್ಳಾಪುರದ ತರುಣನೊಬ್ಬನು ಅದು ತನ್ನದೆಂದು ಸ್ಥಾಪಿಸುವುದು ಹೇಗೆ? ಸಂಸ್ಥೆಯು ಒಂದು ವಾಕ್ಯವನ್ನು ಕಳುಹಿಸುತ್ತದೆ. ಅವನು ತನ್ನ ಗುಪ್ತ ಕೀಲಿಯಿಂದ ಅದಕ್ಕೆ ಸಹಿಮಾಡಿ ಹಿಂದಿರುಗಿಸುತ್ತಾನೆ. ಗುಪ್ತ ಕೀಲಿಗೆ ಜೋಡಿಯಾಗಿ ಎಲ್ಲರಿಗೂ ತೆರೆದಿರುವ ಸಾರ್ವಜನಿಕ ಕೀಲಿಯಿಂದ ಆ ಸಹಿಯನ್ನು ತಾಳೆನೋಡಿದರೆ ಒಡೆತನವು ರುಜುವಾತಾಯಿತು. ಗುಪ್ತ ಕೀಲಿಯಾದರೋ ಅವನ ಮೊಬೈಲನ್ನು ಬಿಟ್ಟು ಕದಲಲಿಲ್ಲ. ಇದೇ ತತ್ತ್ವವನ್ನು ಗುರುತಿನ ಪತ್ರಗಳಿಗೂ ವಿಸ್ತರಿಸುವ ಮಾನದಂಡವೊಂದನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ 2019ರಲ್ಲಿ ಪ್ರಕಟಿಸಿತು. ಹದಿನೆಂಟು ತುಂಬಿದೆಯೆಂಬುದನ್ನು ಹುಟ್ಟಿದ ದಿನವನ್ನು ಹೇಳದೆಯೇ ದೃಢಪಡಿಸಲು ಇದರಿಂದ ದಾರಿಯಾಯಿತು. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸುವ ಮರೆಮಾಚಿದ ಆಧಾರ್ ಪ್ರತಿಯಲ್ಲಿಯೂ ಇದೇ ಬುದ್ಧಿಯ ಒಂದು ಅಂಶವುಂಟು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ, 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಬಂದಿತು. ನಿಗದಿತ ಉದ್ದೇಶಕ್ಕೆ ಅವಶ್ಯವಾದಷ್ಟು ದತ್ತಾಂಶಕ್ಕೇ ಸಮ್ಮತಿಯು ಸೀಮಿತವೆಂದು ಅದು ಹೇಳುತ್ತದೆ. ಟ್ರಾವೆಲ್ ರೂಲ್ ಆದರೋ ಹೆಸರನ್ನೂ ವಿಳಾಸವನ್ನೂ ಇಡಿಯಾಗಿ ಪಡೆಯುವವನ ಸಂಸ್ಥೆಯ ಕೈಗೆ, ಅದು ಪರದೇಶದ್ದಾದರೂ, ಒಪ್ಪಿಸುತ್ತದೆ. ಆ ಕೈ ಯಾರದು, ಆ ವಿವರಗಳನ್ನು ಅದು ಎಷ್ಟು ಕಾಲ ಇಟ್ಟುಕೊಳ್ಳುವುದು ಎಂಬುದನ್ನು ಕಳುಹಿಸಿದವನಿಗೆ ಮುಂಚಿತವಾಗಿಯೇ ತಿಳಿಸತಕ್ಕದ್ದು. ಸಹಿಯ ಪ್ರಮಾಣವೇ ಸಾಕಾಗುವೆಡೆಯಲ್ಲಿ ಆಧಾರ್‌ನ ನಕಲು ಪ್ರತಿಯನ್ನು ಕೇಳುವ ರೂಢಿಯನ್ನು ನಿಯಮದಿಂದಲೇ ನಿಲ್ಲಿಸತಕ್ಕದ್ದು.